ಮೊಟ್ಟೆಯ ಹಳದಿ, ಕಡಲತೀರ, ಒಂದು ಕ್ಯಾಮೆರಾ

1950ರ ನ್ಯೂಯಾರ್ಕ್. ಜಾಕ್ಸನ್ ಪೊಲಾಕ್ ನೆಲದ ಮೇಲೆ ಕ್ಯಾನ್ವಾಸು ಹಾಸಿ ಬಣ್ಣ ಎರಚುತ್ತಿದ್ದ ಕಾಲ. ಅದೇ ವರ್ಷ ಜಾರ್ಜ್ ಟೂಕರ್ ಎಂಬ ಮೂವತ್ತರ ಕಲಾವಿದ ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ, ಸಣ್ಣ ಕುಂಚದಿಂದ ಗೆರೆಯ ಪಕ್ಕ ಗೆರೆ ಎಳೆದು ‘ದಿ ಸಬ್‌ವೇ’ ಚಿತ್ರ ಮುಗಿಸಿದ. ನೆಲದಡಿಯ ರೈಲು ನಿಲ್ದಾಣ, ತಗ್ಗಾದ ಸೂರು, ಕಂಬಿಗಳು. ನಡುವೆ ಕೆಂಪು ಉಡುಪಿನ ಹೆಂಗಸು, ಕೈ ಹೊಟ್ಟೆಯ ಮೇಲೆ. ಸುತ್ತಮುತ್ತ ಉದ್ದ ಕೋಟಿನ ಗಂಡಸರು. ಅವಳನ್ನು ಯಾರೂ ಮುಟ್ಟಿಲ್ಲ, ಆದರೂ ನೋಡಿದವರ ಎದೆ ಝಲ್ಲೆನ್ನುತ್ತದೆ.

ಈ ಬಗೆಯ ಚಿತ್ರಗಳಿಗೆ ಅಂಟಿದ ಹೆಸರು ‘ಮಾಂತ್ರಿಕ ವಾಸ್ತವವಾದ’. ಜರ್ಮನಿಯ ವಿಮರ್ಶಕ ಫ್ರಾನ್ಸ್ ರೋ 1925ರಲ್ಲಿ ಬಳಕೆಗೆ ತಂದ ಮಾತು ಅದು. ಅಮೆರಿಕದಲ್ಲಿ ಅದಕ್ಕೆ ಮುದ್ರೆ ಬಿದ್ದದ್ದು 1943ರಲ್ಲಿ, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಪ್ರದರ್ಶನದಲ್ಲಿ. ಅದರ ಪುಸ್ತಕಕ್ಕೆ ಮುನ್ನುಡಿ ಬರೆದವನು ಲಿಂಕನ್ ಕರ್ಸ್ಟೀನ್. ಮುಂದೆ ನ್ಯೂಯಾರ್ಕ್ ಸಿಟಿ ಬ್ಯಾಲೆಯನ್ನು ಕಟ್ಟಿದವರಲ್ಲೊಬ್ಬ. ಅವನ ಹೆಂಡತಿ ಫಿಡೆಲ್ಮಾ ಸ್ವತಃ ಚಿತ್ರ ಬರೆಯುತ್ತಿದ್ದಳು. ಅವಳ ಅಣ್ಣನೇ ಪಾಲ್ ಕ್ಯಾಡ್ಮಸ್. ಈ ಬಳಗದಲ್ಲಿ ಕಲೆ, ನೆಂಟಸ್ತಿಕೆ, ಪ್ರೇಮ ಎಲ್ಲ ಹೀಗೇ ಒಂದಕ್ಕೊಂದು ಹೆಣೆದುಕೊಂಡಿವೆ.

ಕ್ಯಾಡ್ಮಸ್‌ಗೆ ಹೆಸರು ತಂದುಕೊಟ್ಟದ್ದು ಒಂದು ರಂಪ. ಆರ್ಥಿಕ ಕುಸಿತದ ದಿನಗಳಲ್ಲಿ ಸರ್ಕಾರವೇ ಕಲಾವಿದರಿಗೆ ಸಂಬಳ ಕೊಟ್ಟು ಚಿತ್ರ ಬರೆಸುತ್ತಿತ್ತು. 1934ರಲ್ಲಿ ಅವನು ಬರೆದ ‘ದಿ ಫ್ಲೀಟ್ಸ್ ಇನ್!’ ಚಿತ್ರದಲ್ಲಿ ರಜೆಯ ಮೇಲೆ ದಡಕ್ಕಿಳಿದ ನೌಕಾಪಡೆಯ ಹುಡುಗರು ಕುಡಿದು ತೂರಾಡುತ್ತಾರೆ, ಕೆಣಕುತ್ತಾರೆ, ಹೆಂಗಸರ ಮೈಮೇಲೆ ಬೀಳುತ್ತಾರೆ. ನಿವೃತ್ತ ಅಡ್ಮಿರಲ್ ಒಬ್ಬ ಕೆಂಡವಾದ. ವಾಷಿಂಗ್ಟನ್ನಿನ ಪ್ರದರ್ಶನದಿಂದ ಚಿತ್ರವನ್ನು ಎತ್ತಿಬಿಟ್ಟರು. ಪತ್ರಿಕೆಗಳು ಅದರ ಫೋಟೊ ಅಚ್ಚುಹಾಕಿ, ಪ್ರದರ್ಶನಕ್ಕೆ ಬರುತ್ತಿದ್ದವರಿಗಿಂತ ಎಷ್ಟೋ ಪಾಲು ಜನರಿಗೆ ತೋರಿಸಿದವು. ತನ್ನ ವೃತ್ತಿಗೆ ನಾಂದಿ ಹಾಡಿದ್ದು ಆ ಅಡ್ಮಿರಲ್ಲೇ ಎಂದು ಕ್ಯಾಡ್ಮಸ್ ನಗುತ್ತಿದ್ದ.

ಅವನ ಸಂಗಾತಿ ಜೇರೆಡ್ ಫ್ರೆಂಚ್. ಇಬ್ಬರೂ 1930ರ ದಶಕದ ಆರಂಭದಲ್ಲಿ ಯೂರೋಪು ಸುತ್ತಿ, ಇಟಲಿಯ ಹಳೆಯ ಚಿತ್ರಗಳನ್ನು ಕಣ್ತುಂಬಿಕೊಂಡು ಬಂದವರು. ಜೇರೆಡ್ 1937ರಲ್ಲಿ ಮಾರ್ಗರೆಟ್ ಹೋನಿಂಗ್ ಎಂಬ ಕಲಾವಿದೆಯನ್ನು ಮದುವೆಯಾದ. ಮೂವರ ನಂಟು ಮುರಿಯಲಿಲ್ಲ. ಬೇಸಿಗೆಯಲ್ಲಿ ಫೈರ್ ಐಲ್ಯಾಂಡ್‌ನ ಮರಳಿನ ಮೇಲೆ ಮಾರ್ಗರೆಟ್‌ಳ ಲೈಕಾ ಕ್ಯಾಮೆರಾ ಕೈಯಿಂದ ಕೈಗೆ ದಾಟುತ್ತಿತ್ತು. ಒಬ್ಬರು ಕಡಲಿಗೆ ಬೆನ್ನುಹಾಕಿ, ಇನ್ನೊಬ್ಬರು ತೇಲಿಬಂದ ಮರದ ದಿಮ್ಮಿಗೆ ಒರಗಿ, ಪರಸ್ಪರ ಮುಖ ನೋಡದೆ ಶಿಲೆಗಳಂತೆ ನಿಂತ ಚಿತ್ರಗಳು. ಮೂವರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಆ ಫೋಟೊಗಳಿಗೆ ‘ಪಜಾಮ’ ಎಂದು ಹೆಸರಿಟ್ಟುಕೊಂಡರು. ಗೆಳೆಯರಿಗೆ ಹಂಚಲೆಂದು ತೆಗೆದವು ಅವು. ಆದರೆ ಅಲ್ಲಿನ ಭಂಗಿಗಳು ಮೆಲ್ಲಗೆ ಹಲಗೆಯ ಮೇಲಿನ ಚಿತ್ರಗಳಿಗೆ ನುಸುಳಿದವು. ಗಂಡಸರ ನಡುವಿನ ಪ್ರೇಮ ಅಪರಾಧವಾಗಿದ್ದ ಕಾಲದಲ್ಲಿ ಹತ್ತಿರವಿದ್ದೂ ದೂರ ನಿಲ್ಲುವುದು ಬರೀ ಭಂಗಿಯಾಗಿರಲಾರದು.

ಇನ್ನು ಮೊಟ್ಟೆಯ ವಿಚಾರ. ಚೆನ್ನಿನೊ ಚೆನ್ನಿನಿ ಎಂಬ ಇಟಲಿಯ ಹಳೆಯ ಕುಶಲಿಯ ಕೈಪಿಡಿಯನ್ನು ಡೇನಿಯಲ್ ಥಾಮ್ಸನ್ 1930ರ ದಶಕದಲ್ಲಿ ಇಂಗ್ಲಿಷಿಗೆ ತಂದ. ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸುವ ಈ ಟೆಂಪೆರಾ ವಿಧಾನದ ಬಗ್ಗೆ 1936ರಲ್ಲಿ ತಾನೇ ಒಂದು ಪುಸ್ತಕ ಬರೆದ. ಸೀಮೆಸುಣ್ಣದ ಪುಡಿ ಮತ್ತು ಅಂಟು ಬಳಿದು ನುಣುಪು ಮಾಡಿದ ಹಲಗೆ. ಬಿಳಿ ಲೋಳೆ ಬೇರ್ಪಡಿಸಿ, ಹಳದಿಯ ತೆಳುಪೊರೆ ಚುಚ್ಚಿ ಸುರಿಸಿಕೊಂಡ ರಸ. ನೀರು, ಬಣ್ಣದ ಪುಡಿ. ಬಳಿದ ಕೂಡಲೇ ಒಣಗುವುದರಿಂದ ಎಣ್ಣೆಬಣ್ಣದಂತೆ ಹಲಗೆಯ ಮೇಲೆ ಒಂದರೊಳಗೊಂದು ಕಲಸಲಾಗದು. ನೆರಳು ಬೇಕಾದರೆ ನೂರಾರು ಗೆರೆ ಎಳೆಯಬೇಕು. ಕ್ಯಾಡ್ಮಸ್ 1940ರ ಸುಮಾರಿಗೆ ಇದನ್ನು ಫ್ರೆಂಚ್‌ನಿಂದ ಕಲಿತ. ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಕಲಿಯುತ್ತಿದ್ದ ಟೂಕರ್ ಆ ದಶಕದ ನಡುವೆ ಬಳಗ ಸೇರಿ ಅದೇ ದಾರಿ ಹಿಡಿದ.

ಟೂಕರ್ ಚಿತ್ರಗಳ ಮರಗಟ್ಟಿದ ಜನರನ್ನು ಕಂಡಾಗ ವಿಮರ್ಶಕರು ಯುದ್ಧಾನಂತರದ ಒಂಟಿತನದ ಮಾತು ತೆಗೆಯುತ್ತಾರೆ. ನಾನಾದರೆ ಅರ್ಧ ಪಾಲನ್ನು ಮೊಟ್ಟೆಗೂ ಕ್ಯಾಮೆರಾಕ್ಕೂ ಬರೆದುಕೊಡುತ್ತೇನೆ. ಅವಸರಕ್ಕೆ ಎಡೆಯೇ ಇಲ್ಲದ ಕೆಲಸ. ವರ್ಷಕ್ಕೆ ಎರಡು ಮೂರು ಚಿತ್ರವಾದರೆ ಹೆಚ್ಚು. ಅದೇ ಮೊಟ್ಟೆಯಲ್ಲಿ ಕ್ಯಾಡ್ಮಸ್ ಗದ್ದಲದ ‘ಏಳು ಮಹಾಪಾಪಗಳು’ ಸರಣಿಯನ್ನೂ ಬರೆದ ಎಂಬುದು ನನ್ನ ವಾದಕ್ಕೆ ಅಡ್ಡಬರುತ್ತದೆ, ನಿಜ.

ಆದರೂ ಟೂಕರ್‌ನ ಜನ ಮರಗಟ್ಟಿಯೇ ಉಳಿದರು. ಮನೆ ದುರಸ್ತಿಯ ಪರವಾನಗಿಗಾಗಿ ಕಚೇರಿ ಅಲೆದ ಅವನು 1956ರಲ್ಲಿ ‘ಗವರ್ನ್‌ಮೆಂಟ್ ಬ್ಯೂರೊ’ ಬರೆದ: ಮಬ್ಬುಗಾಜಿನ ದುಂಡು ಕಿಂಡಿಗಳಲ್ಲಿ ಗುಮಾಸ್ತರ ಬರೀ ಕಣ್ಣು ಮೂಗು, ಈಚೆ ಬೆನ್ನು ತೋರಿಸಿ ಕಾಯುವ ಮಂದಿ. ಮೆಟ್ರೊಪಾಲಿಟನ್ ಮ್ಯೂಸಿಯಂ ಅದೇ ವರ್ಷ ಅದನ್ನು ಕೊಂಡುಕೊಂಡಿತು.