ಚಳಿಗಾಲದಲ್ಲಿ ಸಾಕು ಹಾವು ಆಹಾರ ತ್ಯಜಿಸುವುದು: ಕಾರಣ, ಪಾಲಕರ ಕರ್ತವ್ಯ ಮತ್ತು ನೋಂದಣಿ ವಿಧಾನ

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ನವೆಂಬರ್ ತಿಂಗಳಿನಿಂದ ಫೆಬ್ರವರಿಯವರೆಗೆ ಹಾವುಗಳು ಆಹಾರವನ್ನು ಮುಟ್ಟದೆ ಇರುವುದು ಅನೇಕ ಸಂದರ್ಭಗಳಲ್ಲಿ ರೋಗವಲ್ಲ. ಅದು ಆ ಜೀವಿಯ ದೇಹವು ಚಳಿಗೆ ತೋರುವ ಸ್ವಾಭಾವಿಕ ಪ್ರತಿಕ್ರಿಯೆ. ಈ ಸಂಗತಿ ತಿಳಿಯದೆ ಬಲವಂತವಾಗಿ ಆಹಾರ ಅಥವಾ ಹಾಲನ್ನು ಬಾಯಿಗೆ ಹಾಕುವುದರಿಂದಲೇ ಹಾವುಗಳು ಸಾಯುವುದುಂಟು. ಇನ್ನೊಂದೆಡೆ, ನಮ್ಮ ನಾಡಿನ ಹಾವನ್ನು ಮನೆಯಲ್ಲಿ ಇರಿಸಿಕೊಂಡವರು ಕಾನೂನಿನ ಭಯದಿಂದ ಯಾರಿಗೂ ತಿಳಿಸದೆ, ಹಾವು ಕ್ಷೀಣಿಸುವವರೆಗೆ ಮುಚ್ಚಿಡುವುದೂ ಉಂಟು. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಹಾಗೂ ಸುತ್ತಲಿನ ಸಿಂಧನೂರು, ಮಸ್ಕಿ ಭಾಗದ ನಾಗರಿಕರ ಅನುಕೂಲಕ್ಕಾಗಿ ಈ ವಿಷಯದ ವಿವರಗಳನ್ನು ಇಲ್ಲಿ ನೀಡಲಾಗಿದೆ.

1. ಯಾವ ಹಾವನ್ನು ಸಾಕಬಹುದು, ಯಾವುದನ್ನು ಸಾಕುವಂತಿಲ್ಲ

ನಾಗರಹಾವು, ಕೇರೆಹಾವು, ಕೊಳಕುಮಂಡಲ, ಹೆಬ್ಬಾವು, ಮಣ್ಣುಮುಕ್ಕ ಮೊದಲಾದ ದೇಶೀಯ ಹಾವುಗಳು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ರಕ್ಷಣೆಗೆ ಒಳಪಟ್ಟಿವೆ. ಈ ಅಧಿನಿಯಮದಲ್ಲಿ 'ಬೇಟೆ' ಎಂಬ ಪದವು ಕೊಲ್ಲುವುದನ್ನು ಮಾತ್ರವಲ್ಲದೆ ಹಿಡಿಯುವುದನ್ನೂ, ಬಲೆಗೆ ಕೆಡಹುವುದನ್ನೂ ಒಳಗೊಂಡಿದೆ. ಆದುದರಿಂದ ಇಂತಹ ಹಾವನ್ನು ಹಿಡಿದು ಮನೆಯಲ್ಲಿ ಸಾಕಲು ಅವಕಾಶವಿಲ್ಲ. ಇದಕ್ಕಾಗಿ ಯಾವ ಪರವಾನಗಿಯೂ ಅರ್ಜಿಯ ಮೇಲೆ ದೊರೆಯುವುದಿಲ್ಲ.

ವಿದೇಶೀ ಮೂಲದ ಹಾವುಗಳ ವಿಷಯ ಬೇರೆ. ಆಫ್ರಿಕಾ ಖಂಡದ ಪಶ್ಚಿಮ ಹಾಗೂ ಮಧ್ಯ ಭಾಗದ ಬಾಲ್ ಪೈಥಾನ್ ಇವುಗಳಲ್ಲಿ ಹೆಚ್ಚು ಪರಿಚಿತವಾದುದು. ಬೆದರಿದಾಗ ತಲೆಯನ್ನು ನಡುವೆ ಇಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಇದಕ್ಕೆ ಈ ಹೆಸರು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಕುರಿತಾದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಇಂತಹ ಪ್ರಭೇದಗಳನ್ನು 2022ರ ತಿದ್ದುಪಡಿಯ ಮೂಲಕ ಅಧಿನಿಯಮದ ನಾಲ್ಕನೆಯ ಅನುಸೂಚಿಗೆ ಸೇರಿಸಲಾಗಿದ್ದು, ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇವುಗಳನ್ನು ಹೊಂದಿರುವವರು ನೋಂದಣಿ ಮಾಡಿಸುವುದು ಕಡ್ಡಾಯ.

2. ಹಾವು ಚಳಿಗಾಲದಲ್ಲಿ ಏಕೆ ಉಣ್ಣುವುದಿಲ್ಲ

ಹಾವು ಶೀತರಕ್ತದ ಪ್ರಾಣಿ. ಮನುಷ್ಯರಂತೆ ತನ್ನ ದೇಹದ ಶಾಖವನ್ನು ತಾನೇ ಉತ್ಪಾದಿಸಿ ಕಾಯ್ದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಬಿಸಿಲು, ಕಾದ ಕಲ್ಲು, ಬೆಚ್ಚಗಿನ ಮಣ್ಣು ಇವೇ ಅದರ ಶಾಖದ ಮೂಲಗಳು. ನುಂಗಿದ ಇಲಿಯನ್ನು ಕರಗಿಸುವ ಜೀರ್ಣರಸಗಳು ತಕ್ಕಷ್ಟು ಶಾಖವಿದ್ದಾಗ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ದೇಹ ತಣ್ಣಗಾದಾಗ ಜೀರ್ಣಕ್ರಿಯೆ ನಿಧಾನವಾಗಿ, ಹೊಟ್ಟೆಯಲ್ಲಿರುವ ಆಹಾರ ಕರಗುವ ಮೊದಲೇ ಕೊಳೆಯಲಾರಂಭಿಸುತ್ತದೆ. ಆಗ ಹಾವು ಅದನ್ನು ಕಕ್ಕುತ್ತದೆ, ಕಕ್ಕಲಾಗದಿದ್ದರೆ ಸಾಯಲೂಬಹುದು. ಆದ್ದರಿಂದ ಚಳಿಯಲ್ಲಿ ಉಣ್ಣದಿರುವುದು ಹಾವಿನ ಪಾಲಿಗೆ ಆತ್ಮರಕ್ಷಣೆಯ ಮಾರ್ಗ.

ಉಪವಾಸವನ್ನು ತಾಳಿಕೊಳ್ಳುವ ಶಕ್ತಿಯೂ ಅದಕ್ಕೆ ಇದೆ. ಹೆಬ್ಬಾವಿನ ಜಾತಿಯ ಹಾವುಗಳಲ್ಲಿ ಉಪವಾಸದ ಕಾಲದಲ್ಲಿ ಕರುಳು, ಯಕೃತ್ತು, ಹೃದಯ ಮೊದಲಾದ ಅಂಗಗಳು ಕುಗ್ಗಿ, ಆಹಾರ ದೊರೆತ ಒಂದೆರಡು ದಿನಗಳಲ್ಲಿಯೇ ಮತ್ತೆ ಹಿಗ್ಗುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಹೆಬ್ಬಾವುಗಳು ಚಳಿಗಾಲವನ್ನು ಮುಳ್ಳುಹಂದಿಯ ಬಿಲಗಳಲ್ಲಿ ಕಳೆದು, ಬಿಸಿಲೇರಿದಾಗ ಬಿಲದ ಬಾಯಿಗೆ ಬಂದು ಮೈ ಕಾಯಿಸಿಕೊಳ್ಳುತ್ತವೆ.

ಚಳಿಯ ಹೊರತಾಗಿ, ಸಂತಾನೋತ್ಪತ್ತಿಯ ಕಾಲ, ಪೊರೆ ಬಿಡುವ ಮುನ್ನಿನ ದಿನಗಳು, ಜಾಗದ ಬದಲಾವಣೆ ಹಾಗೂ ಪದೇಪದೇ ಕೈಯಲ್ಲಿ ಹಿಡಿಯುವುದು ಸಹ ಆಹಾರ ತ್ಯಜಿಸಲು ಕಾರಣವಾಗುತ್ತವೆ. ಬಾಲ್ ಪೈಥಾನ್ ಈ ವಿಷಯದಲ್ಲಿ ಹೆಸರಾದುದು. ಬೆಳೆದ, ಆರೋಗ್ಯವಂತ ಹಾವು ಕೆಲವು ತಿಂಗಳು ಉಣ್ಣದಿದ್ದರೂ ಹೆಚ್ಚು ತೂಕ ಕಳೆದುಕೊಳ್ಳದೆ ಇರಬಲ್ಲದು.

3. ಮುದಗಲ್ ಭಾಗದ ಹವಾಗುಣ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶವು ಬೇಸಿಗೆಯ ಬಿಸಿಲಿಗೆ ಹೆಸರಾಗಿದ್ದು, ಇಲ್ಲಿ ಚಳಿಯ ತೊಂದರೆ ಇಲ್ಲವೆಂದು ಭಾವಿಸುವುದು ಸಹಜ. ಆದರೆ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೂ, ರಾತ್ರಿ 20 ಡಿಗ್ರಿಗಿಂತ ಕೆಳಗಿಳಿಯುವುದು ಸಾಮಾನ್ಯ. ಕಲ್ಲಿನ ಗೋಡೆ ಮತ್ತು ಪರಸಿಕಲ್ಲಿನ ನೆಲವುಳ್ಳ ಮನೆಗಳಲ್ಲಿ ನೆಲದ ಮೇಲಿಟ್ಟ ಪೆಟ್ಟಿಗೆ ಬೆಳಗಿನ ಜಾವಕ್ಕೆ ಇನ್ನಷ್ಟು ತಣ್ಣಗಾಗುತ್ತದೆ. ಹಗಲು ಬೆಚ್ಚಗಿರುವುದನ್ನು ನೋಡಿ ಸಂಜೆ ಆಹಾರ ಕೊಟ್ಟರೆ, ಹಾವು ಅದನ್ನು ಕರಗಿಸಬೇಕಾದ ಹೊತ್ತಿನಲ್ಲಿಯೇ ಚಳಿಗೆ ಸಿಕ್ಕುತ್ತದೆ.

ಕೋಟೆಯ ಕಲ್ಲಿನ ಸಂದು, ಬಣವೆ, ಕಟ್ಟಿಗೆಯ ರಾಶಿ ಮೊದಲಾದೆಡೆ ಆಶ್ರಯ ಪಡೆದ ಕಾಡಿನ ಹಾವುಗಳೂ ಈ ದಿನಗಳಲ್ಲಿ ಮಂದವಾಗಿರುತ್ತವೆ. ಭತ್ತದ ಕೊಯ್ಲಿನ ಸಮಯದಲ್ಲಿ ಹೊರಬಿದ್ದ ಅಂತಹ ಹಾವನ್ನು ಸಾಧು ಸ್ವಭಾವದ್ದೆಂದು ಭಾವಿಸಿ ಮನೆಗೆ ತರಬಾರದು. ಬಿಸಿಲು ಕಂಡೊಡನೆ ಅದು ಚುರುಕಾಗುತ್ತದೆ.

4. ನೋಂದಾಯಿತ ಹಾವಿನ ಪಾಲಕರು ಅನುಸರಿಸಬೇಕಾದ ಕ್ರಮಗಳು

(ಅ) ಮೊದಲು ಉಷ್ಣಮಾಪಕದಿಂದ ಪೆಟ್ಟಿಗೆಯ ಒಳಗಿನ ಶಾಖವನ್ನು ಹಗಲು ಮತ್ತು ಬೆಳಗಿನ ಜಾವ ಅಳೆಯತಕ್ಕದ್ದು. ಬಾಲ್ ಪೈಥಾನ್‌ಗೆ ಪೆಟ್ಟಿಗೆಯ ಒಂದು ಬದಿ ಸುಮಾರು 31ರಿಂದ 33 ಡಿಗ್ರಿ, ಇನ್ನೊಂದು ಬದಿ 25ರಿಂದ 27 ಡಿಗ್ರಿ ಇರುವುದು ಸೂಕ್ತ. ಹಾವು ತನಗೆ ಬೇಕಾದ ಬದಿಯನ್ನು ತಾನೇ ಆರಿಸಿಕೊಳ್ಳುತ್ತದೆ.

(ಆ) ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿ, ಮರದ ಹಲಗೆಯ ಮೇಲೆ ಇರಿಸುವುದು. ಶಾಖ ನೀಡುವ ಉಪಕರಣಕ್ಕೆ ಶಾಖ ನಿಯಂತ್ರಕ ಇರಬೇಕು. ಹಾವಿಗೆ ತಗಲುವಂತೆ ಬಲ್ಬನ್ನು ಒಳಗೆ ತೂಗುಹಾಕಿದರೆ ಮೈ ಸುಡುತ್ತದೆ.

(ಇ) ವಿದ್ಯುತ್ ಕಡಿತದ ರಾತ್ರಿಗಳಲ್ಲಿ ಗಾಳಿಯ ಕಿಂಡಿಗಳನ್ನು ಬಿಟ್ಟು ಉಳಿದ ಬದಿಗಳಿಗೆ ಕಂಬಳಿ ಹೊದಿಸಬಹುದು. ವಿದ್ಯುತ್ ಪೂರೈಕೆ ನಿಶ್ಚಿತವಾಗಿಲ್ಲದ ದಿನ ಆಹಾರ ನೀಡದಿರುವುದೇ ಲೇಸು.

(ಈ) ಶುದ್ಧ ನೀರು ಸದಾ ಇರಬೇಕು. ಹಾವು ಆಹಾರವಿಲ್ಲದೆ ಬಹುಕಾಲ ಇರಬಲ್ಲದು, ನೀರಿಲ್ಲದೆ ಇರಲಾರದು.

(ಉ) 15 ದಿನಗಳಿಗೊಮ್ಮೆ ತೂಕ ಮಾಡಿ, ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡುವುದು. ಉಪವಾಸ ಸ್ವಾಭಾವಿಕವೋ ರೋಗದಿಂದಲೋ ಎಂಬುದನ್ನು ತಿಳಿಯಲು ಈ ಲೆಕ್ಕವೇ ಅತ್ಯಂತ ಉಪಯುಕ್ತ ಆಧಾರ.

(ಊ) 10 ಅಥವಾ 15 ದಿನಗಳಿಗೊಮ್ಮೆ ಮಾತ್ರ ಆಹಾರ ಇಟ್ಟು ನೋಡುವುದು. ಮುಟ್ಟದಿದ್ದರೆ ಅಂದೇ ತೆಗೆಯುವುದು. ಜೀವಂತ ಇಲಿಯನ್ನು ರಾತ್ರಿಯಿಡೀ ಪೆಟ್ಟಿಗೆಯಲ್ಲಿ ಬಿಡಬಾರದು. ಚಳಿಗೆ ಮಂದವಾದ ಹಾವು ಎದುರಿಸದೆ ಸುಮ್ಮನಿರುವುದರಿಂದ, ಇಲಿಯೇ ಹಾವಿನ ಮೈಯನ್ನು ಕಡಿದು ಗಾಯಗೊಳಿಸುತ್ತದೆ.

5. ಮಾಡಬಾರದ ಕಾರ್ಯಗಳು

ಬಾಯಿ ತೆರೆದು ಬಲವಂತವಾಗಿ ಆಹಾರ ತುರುಕುವುದು ಅಪಾಯಕರ. ಹಲ್ಲು ಮತ್ತು ದವಡೆಗೆ ಪೆಟ್ಟಾಗುವುದಲ್ಲದೆ, ತಣ್ಣಗಿರುವ ಹೊಟ್ಟೆಗೆ ಸೇರಿದ ಆಹಾರ ಕೊಳೆಯುತ್ತದೆ. ಅನಿವಾರ್ಯವಾದಲ್ಲಿ ಪಶುವೈದ್ಯರೇ ಇದನ್ನು ಮಾಡತಕ್ಕದ್ದು. ಒಮ್ಮೆ ಆಹಾರ ಕಕ್ಕಿದ ಹಾವಿಗೆ ಶಾಖವನ್ನು ಸರಿಪಡಿಸಿ, ಸುಮಾರು ಎರಡು ವಾರ ಬಿಡುವು ಕೊಟ್ಟ ನಂತರವೇ ಚಿಕ್ಕ ಪ್ರಮಾಣದಲ್ಲಿ ಆಹಾರ ಕೊಡಬೇಕು.

ಹಾಲು ಹಾವಿನ ಆಹಾರವಲ್ಲ. ನಾಗರಪಂಚಮಿಯಲ್ಲಿ ಹಾವು ಹಾಲು ಕುಡಿಯಿತೆಂದು ಕಾಣುವುದಕ್ಕೆ ಕಾರಣ, ಅದಕ್ಕೂ ಮೊದಲು ಹಲವು ದಿನ ನೀರು ಕೊಡದೆ ಬಾಯಾರಿಸಿರುವುದು. ಕುಡಿದ ಹಾಲು ಜೀರ್ಣವಾಗದೆ ತೊಂದರೆಯಾಗುತ್ತದೆ. ಬಲವಂತವಾಗಿ ಕುಡಿಸಿದಾಗ ಶ್ವಾಸನಾಳಕ್ಕೆ ಸೇರಿ ಸಾವು ಸಂಭವಿಸಬಹುದು. ಹಬ್ಬದ ಆಚರಣೆಗೆ ಕಲ್ಲಿನ ನಾಗರಕಟ್ಟೆ, ಹುತ್ತ ಮತ್ತು ಮಣ್ಣಿನ ನಾಗಪ್ಪನ ಪೂಜೆ ಎಂಬ ಪರಂಪರಾಗತ ಮಾರ್ಗಗಳು ಇದ್ದೇ ಇವೆ.

6. 'ಎರಡು ತಲೆ ಹಾವು' ಕುರಿತು ಎಚ್ಚರಿಕೆ

ಮಣ್ಣುಮುಕ್ಕ ಹಾವಿನ ಬಾಲವು ಮೊಂಡಾಗಿ ತಲೆಯಂತೆ ಕಾಣುವುದರಿಂದ ಅದನ್ನು ಎರಡು ತಲೆ ಹಾವೆಂದು ಕರೆಯುತ್ತಾರೆ. ಅದಕ್ಕಿರುವುದು ಒಂದೇ ತಲೆ, ಅದು ವಿಷರಹಿತ, ಸಡಿಲ ಮಣ್ಣಿನಲ್ಲಿ ಹುದುಗಿದ್ದು ಇಲಿಗಳನ್ನು ತಿಂದು ರೈತನಿಗೆ ನೆರವಾಗುತ್ತದೆ. ಅದರಿಂದ ಐಶ್ವರ್ಯ ಬರುವುದೆಂಬುದೂ, ತೂಕ ಹೆಚ್ಚಿದಷ್ಟು ಲಕ್ಷಗಟ್ಟಲೆ ಬೆಲೆ ಸಿಗುವುದೆಂಬುದೂ ವಂಚಕರು ಹಬ್ಬಿಸಿದ ಮಾತುಗಳು. ತೂಕ ಹೆಚ್ಚಿಸುವ ಆಸೆಯಿಂದ ಗಡಿಗೆಯಲ್ಲಿ ಕೂಡಿಹಾಕಿ, ಉಣ್ಣದ ಹಾವಿನ ಬಾಯಿಗೆ ಆಹಾರ ತುರುಕುವ ಕ್ರೌರ್ಯಕ್ಕೆ ಈ ನಂಬಿಕೆಯೇ ಮೂಲ. ಕೊನೆಗೆ ಹಾವು ಸಾಯುತ್ತದೆ, ಹಣ ಕೊಟ್ಟವರು ಹಣ ಕಳೆದುಕೊಳ್ಳುತ್ತಾರೆ, ವಶದಲ್ಲಿಟ್ಟುಕೊಂಡವರು ಮೊಕದ್ದಮೆ ಎದುರಿಸುತ್ತಾರೆ.

ಅಧಿನಿಯಮದ ಪ್ರಕರಣ 51ರಂತೆ ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗೆ ಕಾರಾಗೃಹವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಪರಾಧವು ಮೊದಲನೆಯ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ್ದಲ್ಲಿ 3ರಿಂದ 7 ವರ್ಷಗಳ ಕಾರಾಗೃಹವಾಸ ಹಾಗೂ 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡವಿದೆ.

7. ಪಶುವೈದ್ಯರನ್ನು ಯಾವಾಗ ಕಾಣಬೇಕು

ಈ ಕೆಳಕಂಡ ಲಕ್ಷಣಗಳಲ್ಲಿ ಯಾವುದೇ ಒಂದು ಕಂಡುಬಂದರೂ ವಿಳಂಬಿಸದೆ ಪಶುವೈದ್ಯರ ಸಲಹೆ ಪಡೆಯತಕ್ಕದ್ದು.

- ತೂಕದಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಇಳಿಕೆ, ಬೆನ್ನುಮೂಳೆ ಎದ್ದು ಕಾಣುವುದು
- ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಶಬ್ದ, ಮೂಗು ಅಥವಾ ಬಾಯಿಯಿಂದ ಲೋಳೆ
- ಒಸಡಿನಲ್ಲಿ ಕೀವು ಅಥವಾ ಊತ
- ಪದೇಪದೇ ಆಹಾರ ಕಕ್ಕುವುದು
- ಗುಳಿಬಿದ್ದ ಕಣ್ಣು, ತುಂಡುತುಂಡಾಗಿ ಅಂಟಿಕೊಂಡ ಪೊರೆ
- ಹುರುಪೆಗಳ ನಡುವೆ ಸಣ್ಣ ಉಣ್ಣೆಗಳು
- ಶಾಖ ಸರಿಪಡಿಸಿದ ನಂತರವೂ ಮರಿಹಾವು ಕೆಲವು ವಾರ ಆಹಾರ ಮುಟ್ಟದಿರುವುದು

ಮರಿಹಾವಿಗೆ ಬೆಳೆದ ಹಾವಿನಷ್ಟು ಕೊಬ್ಬಿನ ಸಂಗ್ರಹ ಇರುವುದಿಲ್ಲ. ಆದುದರಿಂದ ಅದರ ಉಪವಾಸವನ್ನು ಲಘುವಾಗಿ ಪರಿಗಣಿಸುವಂತಿಲ್ಲ. ವೈದ್ಯರ ಬಳಿ ಹೋಗುವಾಗ ನೋಂದಣಿ ಪತ್ರದ ಪ್ರತಿ ಹಾಗೂ ತೂಕದ ಪುಸ್ತಕವನ್ನು ಜೊತೆಯಲ್ಲಿ ಒಯ್ಯುವುದು ಉತ್ತಮ.

8. ವಿದೇಶೀ ಹಾವಿನ ನೋಂದಣಿಗೆ ಅರ್ಜಿ

ಅಧಿನಿಯಮದ ಪ್ರಕರಣ 49ಎಂ ಅನ್ವಯ ಕೇಂದ್ರ ಸರ್ಕಾರವು 2024ರ ಫೆಬ್ರವರಿ 28ರಂದು ಜೀವಂತ ಪ್ರಾಣಿ ಪ್ರಭೇದಗಳ (ವರದಿ ಮತ್ತು ನೋಂದಣಿ) ನಿಯಮಗಳನ್ನು ಪ್ರಕಟಿಸಿದೆ. ಆ ವೇಳೆಗೆ ಪ್ರಾಣಿಯನ್ನು ಹೊಂದಿದ್ದವರಿಗೆ ನೀಡಲಾಗಿದ್ದ 6 ತಿಂಗಳ ಅವಧಿ ಮುಗಿದಿದೆ. ಹೊಸದಾಗಿ ಪಡೆಯುವವರು ಪಡೆದ 30 ದಿನಗಳೊಳಗಾಗಿ ಪರಿವೇಶ್ 2.0 ಜಾಲತಾಣದ ಮೂಲಕ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸತಕ್ಕದ್ದು. ಪ್ರಭೇದದ ವೈಜ್ಞಾನಿಕ ಹೆಸರು, ಸಂಖ್ಯೆ, ಸಾಕುವ ಸ್ಥಳದ ವಿಳಾಸ ಮತ್ತು ಪ್ರಾಣಿಯನ್ನು ಪಡೆದ ಬಗೆಗಿನ ದಾಖಲೆಗಳನ್ನು ಸಿದ್ಧವಾಗಿರಿಸಿಕೊಂಡಲ್ಲಿ ಅರ್ಜಿ ತುಂಬಲು ಸುಲಭವಾಗುತ್ತದೆ.

ಮರಿ ಹುಟ್ಟಿದಾಗ, ಬೇರೆಯವರಿಗೆ ಹಸ್ತಾಂತರಿಸುವಾಗ ಹಾಗೂ ಪ್ರಾಣಿ ಸತ್ತಾಗ ಸಹ ವರದಿ ಸಲ್ಲಿಸಬೇಕಾಗುತ್ತದೆ. ಚಳಿಗಾಲದಲ್ಲಿ ಹಾವು ಸತ್ತಿತೆಂದು ಹೂತುಬಿಟ್ಟು ಸುಮ್ಮನಾದಲ್ಲಿ, ಲೆಕ್ಕದಲ್ಲಿ ಆ ಪ್ರಾಣಿ ಪಾಲಕರ ವಶದಲ್ಲಿಯೇ ಉಳಿಯುತ್ತದೆ ಎಂಬುದನ್ನು ಗಮನಿಸುವುದು. ಸಾಕಲಾಗದೆ ಹೊಲಕ್ಕೋ ಕೆರೆಗೋ ಬಿಡುವುದು ಸಹ ಸರಿಯಲ್ಲ. ವಿದೇಶೀ ಹಾವು ಹೊರಗೆ ಬದುಕಿದರೆ ಸ್ಥಳೀಯ ಜೀವಿಗಳಿಗೆ ಹಾನಿ, ಬದುಕದಿದ್ದರೆ ಅದಕ್ಕೇ ಹಾನಿ.

9. ದೇಶೀಯ ಹಾವು ವಶದಲ್ಲಿದ್ದರೆ

ಅಧಿನಿಯಮದ ಪ್ರಕರಣ 39ರಂತೆ ಸರ್ಕಾರದ ಸ್ವತ್ತಾಗಿರುವ ವನ್ಯಪ್ರಾಣಿ ಯಾವುದೇ ರೀತಿಯಲ್ಲಿ ವಶಕ್ಕೆ ಬಂದಲ್ಲಿ, 48 ಗಂಟೆಗಳೊಳಗೆ ಸಮೀಪದ ಪೊಲೀಸ್ ಠಾಣೆಗೆ ಅಥವಾ ಅಧಿಕೃತ ಅಧಿಕಾರಿಗೆ ವರದಿ ಮಾಡತಕ್ಕದ್ದು. ಗಾಯಗೊಂಡ ಅಥವಾ ಉಣ್ಣದ ಹಾವಿಗೆ ಮನೆಯಲ್ಲಿ ಉಪಚಾರ ಮಾಡುತ್ತಾ ದಿನ ಕಳೆಯುವುದರಿಂದ ಹಾವಿಗೂ ಹಿತವಿಲ್ಲ, ವಶದಲ್ಲಿಟ್ಟುಕೊಂಡವರಿಗೂ ಹಿತವಿಲ್ಲ. ಹಾವನ್ನು ಮುಟ್ಟದೆ, ದೂರದಿಂದ ಗಮನವಿರಿಸಿ ಮಾಹಿತಿ ನೀಡುವುದು ಸರಿಯಾದ ಮಾರ್ಗ.

ಹಾವು ಕಚ್ಚಿದಲ್ಲಿ ಮಂತ್ರ, ನಾಟಿ ಔಷಧ, ಕಟ್ಟು ಬಿಗಿಯುವುದು ಇವುಗಳಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ ಸರ್ಕಾರಿ ಆಸ್ಪತ್ರೆಗೆ ಸೇರಿಸಬೇಕು. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

10. ಸಂಪರ್ಕ

ಹಾವುಗಳ ರಕ್ಷಣೆ ಹಾಗೂ ಮಾಹಿತಿಗಾಗಿ ಅರಣ್ಯ ಇಲಾಖೆಯ ಸಹಾಯವಾಣಿ 1926 ಅಥವಾ ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡುವುದು. ಹಾವು ಉಣ್ಣದಿದ್ದಾಗ ಮೊದಲು ಶಾಖವನ್ನು ಅಳೆಯುವುದು, ತೂಕವನ್ನು ಬರೆದಿಡುವುದು, ಬಲವಂತ ಮಾಡದಿರುವುದು, ದೇಶೀಯ ಹಾವಾಗಿದ್ದಲ್ಲಿ ಕೂಡಲೇ ತಿಳಿಸುವುದು: ಈ ನಾಲ್ಕನ್ನು ಸಾರ್ವಜನಿಕರು ಅನುಸರಿಸಬೇಕೆಂದು ಕೋರಲಾಗಿದೆ.