ಮಗ್ಗಿಯ ಚೌಕದಲ್ಲಿದೆ ಯಂತ್ರಕಲಿಕೆಯ ಬೀಜ

ಎಂಐಟಿಯ 18.065 ತರಗತಿ ಮತ್ತು ಗಿಲ್ಬರ್ಟ್ ಸ್ಟ್ರ್ಯಾಂಗ್ ಮೇಷ್ಟ್ರ ಗಣಿತ ಪಾಠ

ಒಂದರಿಂದ ಹತ್ತರವರೆಗಿನ ಮಗ್ಗಿಗಳನ್ನು ಪಕ್ಕಪಕ್ಕದಲ್ಲಿ ಬರೆದರೆ ನೂರು ಸಂಖ್ಯೆಗಳ ಒಂದು ಚೌಕವಾಗುತ್ತದೆ. ಅದನ್ನು ಊರಲ್ಲಿರುವ ಗೆಳೆಯನಿಗೆ ಫೋನಿನಲ್ಲಿ ಬರೆಸಬೇಕು ಎಂದುಕೊಳ್ಳಿ. ನೂರನ್ನೂ ಓದಬೇಕಾಗಿಲ್ಲ. ಮೊದಲ ಕಂಬಸಾಲಿನ ಹತ್ತು, ಮೊದಲ ಅಡ್ಡಸಾಲಿನ ಹತ್ತು ಹೇಳಿದರೆ ಸಾಕು, ಉಳಿದದ್ದನ್ನು ಅವನೇ ಗುಣಿಸಿ ತುಂಬಿಕೊಳ್ಳುತ್ತಾನೆ. ನೂರರ ಕೆಲಸ ಇಪ್ಪತ್ತಕ್ಕೆ ಮುಗಿಯಿತು.

ಇಂಥ ಸಂಖ್ಯೆಗಳ ಜೋಡಣೆಗೆ ಗಣಿತದಲ್ಲಿ ಮಾತೃಕೆ ಎನ್ನುತ್ತಾರೆ. ಕಾಲೇಜಿನ ಮಾತಿನಲ್ಲಿ ಮ್ಯಾಟ್ರಿಕ್ಸ್. ಒಂದೇ ಕಂಬಸಾಲಿನಿಂದ ಇಡೀ ಚೌಕ ಹುಟ್ಟುವುದರಿಂದ ಮಗ್ಗಿಯ ಮಾತೃಕೆಯ ‘ರ‍್ಯಾಂಕ್’ ಒಂದು. ಮೊಬೈಲಿನ ಫೋಟೊ ಕೂಡ ಮಾತೃಕೆಯೇ. ಸಾವಿರಕ್ಕೆ ಸಾವಿರ ಚುಕ್ಕಿಗಳ ಕಪ್ಪುಬಿಳುಪು ಚಿತ್ರವೆಂದರೆ ಹತ್ತು ಲಕ್ಷ ಸಂಖ್ಯೆಗಳು. ಅದನ್ನು ಮಗ್ಗಿಯಂಥ ಇಪ್ಪತ್ತು ಸರಳ ಚೌಕಗಳನ್ನು ಕೂಡಿಸಿ ಬರೆದರೆ ಸುಮಾರು ನಲವತ್ತು ಸಾವಿರ ಸಂಖ್ಯೆಗಳಲ್ಲಿ ಹಿಡಿಸುತ್ತದೆ. ಚಿತ್ರ ಮಸುಕಾಗುತ್ತದೆ, ಆದರೆ ಸಾಮಾನ್ಯವಾಗಿ ಅದು ಯಾವುದರ ಚಿತ್ರ ಎಂದು ಗೊತ್ತಾಗುತ್ತದೆ. ಯಾವ ಇಪ್ಪತ್ತು ಚೌಕಗಳನ್ನು ಆರಿಸಿದರೆ ನಷ್ಟ ತೀರಾ ಕಡಿಮೆ? ಎಕಾರ್ಟ್ ಮತ್ತು ಯಂಗ್ ಎಂಬಿಬ್ಬರು 1936ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಆ ಉತ್ತರದ ಬೆನ್ನೆಲುಬು ‘ಸಿಂಗ್ಯುಲರ್ ವ್ಯಾಲ್ಯೂ ಡಿಕಾಂಪೊಸಿಷನ್’, ಚಿಕ್ಕದಾಗಿ ಎಸ್‌ವಿಡಿ. ರಾಶಿ ಬಿದ್ದ ದತ್ತಾಂಶದಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ತೂರಿ ಕೊಡುವ ಮೊರ ಅದು.

ಈ ಮೊರ ಹಿಡಿಯುವುದನ್ನು ಮೊದಲಿನಿಂದ ಕಲಿಸುವ ಒಂದು ತರಗತಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ, ಅಂದರೆ ಎಂಐಟಿಯಲ್ಲಿ ಹುಟ್ಟಿತು. ಅಲ್ಲಿ ಪಠ್ಯಗಳನ್ನು ಸಂಖ್ಯೆಯಿಂದಲೇ ಕರೆಯುವುದು ರೂಢಿ. ಇದರ ಸಂಖ್ಯೆ 18.065. ಯಂತ್ರಕಲಿಕೆಗೆ ಬೇಕಾದ ಗಣಿತದ ತಳಪಾಯವೇ ಇದರ ವಿಷಯ.

ಪರೀಕ್ಷೆಯಿಲ್ಲದ ತರಗತಿ

ಗಿಲ್ಬರ್ಟ್ ಸ್ಟ್ರ್ಯಾಂಗ್ ಹುಟ್ಟಿದ್ದು 1934ರಲ್ಲಿ. 1962ರಲ್ಲಿ ಎಂಐಟಿಯ ಅಧ್ಯಾಪಕರಾದರು. ಎಂಐಟಿ ತನ್ನ ಪಾಠಗಳನ್ನು ಜಗತ್ತಿಗೆಲ್ಲ ಉಚಿತವಾಗಿ ತೆರೆದಿಡುವ ‘ಓಪನ್‌ಕೋರ್ಸ್‌ವೇರ್’ ಯೋಜನೆಯನ್ನು 2001ರಲ್ಲಿ ಘೋಷಿಸಿತು. ಅದರ ಮೂಲಕ ಸ್ಟ್ರ್ಯಾಂಗ್ ಅವರ ರೇಖೀಯ ಬೀಜಗಣಿತದ 18.06 ತರಗತಿ ಮನೆಮನೆಗೆ ಹೋಯಿತು. ಸೀಮೆಸುಣ್ಣ, ಕಪ್ಪುಹಲಗೆ, ಎದುರಿಗೆ ಕೂತವರ ಜೊತೆ ಮಾತಾಡುತ್ತ ಯೋಚಿಸುವ ಒಬ್ಬ ಮೇಷ್ಟ್ರು. ಅಲ್ಲಿ ಇರುವುದು ಇಷ್ಟೇ.

ಯಂತ್ರಕಲಿಕೆ ಬಿರುಸಾದಾಗ ಅದರ ಗಣಿತಕ್ಕೆ ಬೇರೆಯೇ ತರಗತಿ ಬೇಕೆನಿಸಿತು. ಮಿಶಿಗನ್ ವಿಶ್ವವಿದ್ಯಾಲಯದ ರಾಜ್ ರಾವ್ ನಾಡಕುದಿಟಿ ಅಲ್ಲಿ ತಾವು ಕಲಿಸುತ್ತಿದ್ದ ಪಾಠವನ್ನು 2017ರಲ್ಲಿ ಎಂಐಟಿಗೆ ತಂದರು. ಪ್ರತಿ ವಾರ ವಿಮಾನ ಹತ್ತಿ ಬಾಸ್ಟನ್ನಿಗೆ ಬಂದು ಕಲಿಸಿದರು. ಸುಮಾರು 140 ವಿದ್ಯಾರ್ಥಿಗಳು ಸೇರಿದರು. ತರಗತಿಯಲ್ಲಿ ಕೂತು ಪ್ರೋಗ್ರಾಮ್ ಬರೆಯುವುದು, ಮನೆಗೆಲಸ ಮಾಡುವುದು. ಪರೀಕ್ಷೆ ಮಾತ್ರ ಇಲ್ಲ. ಮರುವರ್ಷ ಸ್ಟ್ರ್ಯಾಂಗ್ ಕಲಿಸಿದ ಪಾಠಗಳ ವಿಡಿಯೊ ಎಲ್ಲರಿಗೂ ಸಿಕ್ಕಿತು. 2019ರಲ್ಲಿ ಅದೇ ಪಾಠ ‘ಲೀನಿಯರ್ ಆಲ್ಜಿಬ್ರಾ ಆ್ಯಂಡ್ ಲರ್ನಿಂಗ್ ಫ್ರಮ್ ಡೇಟಾ’ ಎಂಬ ಪುಸ್ತಕವಾಯಿತು.

ತರಗತಿಯಲ್ಲಿ ಬಳಸಿದ ಜೂಲಿಯಾ ಎಂಬ ಪ್ರೋಗ್ರಾಮಿಂಗ್ ಭಾಷೆಗೂ ನಮಗೂ ನಂಟಿದೆ. ಅದನ್ನು ಕಟ್ಟಿದ ನಾಲ್ವರಲ್ಲಿ ಒಬ್ಬರಾದ ವಿರಲ್ ಶಾ ಆಧಾರ್ ಯೋಜನೆಯಲ್ಲಿ ದುಡಿದವರು, ನಂದನ್ ನಿಲೇಕಣಿ ಅವರ ಜೊತೆ ಪುಸ್ತಕ ಬರೆದವರು.

ಹಲಗೆಯ ಮೇಲಿನ ಒಂಬತ್ತು ಅಂಕಿಗಳು

ನಾನು ಈ ಪಾಠಗಳನ್ನು ನೋಡಿದ್ದು ರಾತ್ರಿ ಊಟವಾದ ಮೇಲೆ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು. ಪಿಯುಸಿಯಲ್ಲಿ ನನಗೆ ಮಾತೃಕೆಯೆಂದರೆ ಅಂಕ ತರುವ ಲೆಕ್ಕವಾಗಿತ್ತು. ಅಡ್ಡಸಾಲನ್ನು ಕಂಬಸಾಲಿಗೆ ಗುಣಿಸು, ಕೂಡು, ಬರೆ. ಹಾಗೇಕೆ ಗುಣಿಸಬೇಕು ಎಂದು ಕೇಳಬೇಕೆಂದೇ ತೋಚಿರಲಿಲ್ಲ.

ಸ್ಟ್ರ್ಯಾಂಗ್ ಮೊದಲ ದಿನವೇ ಆ ನೋಟವನ್ನು ತಿರುಗಿಸುತ್ತಾರೆ. ಹಲಗೆಯ ಮೇಲೆ ಮೂರು ಕಂಬಸಾಲುಗಳು: 2, 3, 5 ಒಂದು, 1, 1, 7 ಇನ್ನೊಂದು, 3, 4, 12 ಮತ್ತೊಂದು. ಮಾತೃಕೆಯನ್ನು ಒಂದು ಸದಿಶಕ್ಕೆ (ವೆಕ್ಟರ್) ಗುಣಿಸುವುದೆಂದರೆ ಈ ಕಂಬಸಾಲುಗಳನ್ನು ಬೇರೆ ಬೇರೆ ಅಳತೆಯಲ್ಲಿ ಬೆರೆಸುವುದು. ಅಳತೆ ಬದಲಾದಂತೆ ಎಲ್ಲಿಗೆಲ್ಲ ಹೋಗಿ ಮುಟ್ಟಬಹುದು? ಕಂಬಸಾಲು ಮೂರಿರುವುದರಿಂದ ಮೂರು ಆಯಾಮದ ಜಾಗವೆಲ್ಲ ನಮ್ಮದು ಎನಿಸುತ್ತದೆ. ಕಣ್ಣಿಟ್ಟು ನೋಡಿದರೆ ಮೂರನೆಯದು ಮೊದಲೆರಡರ ಮೊತ್ತ. ಹೊಸದೇನನ್ನೂ ಅದು ತರುವುದಿಲ್ಲ. ಹಾಗಾಗಿ ನಾವು ಒಂದು ಸಮತಲ ಬಿಟ್ಟು ಆಚೆ ಹೋಗಲಾರೆವು, ರ‍್ಯಾಂಕ್ ಎರಡೇ. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಇದನ್ನು ಮತ್ತೆ ಬರೆದು ನೋಡಿದಾಗ, ಇಷ್ಟು ವರ್ಷ ಲೆಕ್ಕ ಮಾಡುತ್ತಿದ್ದೆ, ನೋಡುತ್ತಿರಲಿಲ್ಲ ಎಂದು ಅರಿವಾಯಿತು.

ರೇಖೀಯ ಬೀಜಗಣಿತದಿಂದ ಪಾಠ ಸಂಭವನೀಯತೆಗೆ, ಅಲ್ಲಿಂದ ಕಲನಶಾಸ್ತ್ರಕ್ಕೆ ಹೊರಳುತ್ತದೆ. ಯಂತ್ರ ‘ಕಲಿಯುವುದು’ ಹೇಗೆಂಬುದು ಇಲ್ಲಿ ಬಯಲಾಗುತ್ತದೆ. ಅದನ್ನು ಕಾಗದದ ಮೇಲೇ ಮಾಡಿ ನೋಡಬಹುದು. 2 ಕೊಟ್ಟರೆ 6 ಬರಬೇಕು. ಎಷ್ಟರಿಂದ ಗುಣಿಸಬೇಕೆಂದು ಯಂತ್ರಕ್ಕೆ ತಿಳಿಯದು. 1 ಎಂದು ಊಹಿಸುತ್ತದೆ, ಉತ್ತರ 2 ಬರುತ್ತದೆ, 4 ಕಡಿಮೆ. ತಪ್ಪಿನ ವರ್ಗದ ಅವಕಲನ ತೆಗೆದರೆ ಇಳಿಜಾರು ಮೈನಸ್ 16. ಅದರ ಹತ್ತನೇ ಒಂದು ಪಾಲಿನಷ್ಟು ಎದುರು ದಿಕ್ಕಿಗೆ ಹೆಜ್ಜೆಯಿಟ್ಟರೆ ಊಹೆ 2.6 ಆಗುತ್ತದೆ. ಮತ್ತೊಂದು ಹೆಜ್ಜೆಗೆ 2.92. ಮೂರರ ಬಾಗಿಲು ಕಾಣುತ್ತಿದೆ. ಹೆಜ್ಜೆಯನ್ನು ಮೂರು ಪಟ್ಟು ಹಿಗ್ಗಿಸಿ ನೋಡಿ: ಊಹೆ 5.8ಕ್ಕೆ ಹಾರುತ್ತದೆ, ಆಮೇಲೆ ಮೈನಸ್ 0.92ಕ್ಕೆ ಬೀಳುತ್ತದೆ. ಪ್ರತಿ ಸಲವೂ ತಪ್ಪು ಬೆಳೆಯುತ್ತಲೇ ಹೋಗುತ್ತದೆ. ಹೆಜ್ಜೆಯ ಅಳತೆಯೇ ಕಲಿಕೆಯ ಅಳಿವು ಉಳಿವು.

ಇಳಿಜಾರು ಹಿಡಿದು ಇಳಿಯುವ ಈ ಉಪಾಯವನ್ನು ಫ್ರಾನ್ಸಿನ ಗಣಿತಜ್ಞ ಕೋಶಿ 1847ರಲ್ಲೇ ಹೇಳಿದ್ದ. ಇಂದಿನ ದೊಡ್ಡ ಮಾದರಿಗಳಲ್ಲಿ ಒಂದು ಸಂಖ್ಯೆಯ ಜಾಗದಲ್ಲಿ ಕೋಟ್ಯಂತರ ಸಂಖ್ಯೆಗಳಿವೆ. ನಡುನಡುವೆ ಒಂದು ಸಣ್ಣ ನಿಯಮವೂ ಇದೆ: ಋಣ ಸಂಖ್ಯೆ ಬಂದರೆ ಸೊನ್ನೆ ಮಾಡು, ಇಲ್ಲವಾದರೆ ಹಾಗೆಯೇ ಬಿಡು. ಇಂಥದ್ದೇನೂ ಇಲ್ಲದಿದ್ದರೆ ನೂರು ಮಾತೃಕೆಗಳನ್ನು ಗುಣಿಸಿದರೂ ಸಿಗುವುದು ಒಂದೇ ಮಾತೃಕೆ. ನಿಯಮ ಸೇರಿತೆಂದರೆ ಚಪ್ಪಟೆ ಕಾಗದಕ್ಕೆ ಮಡಿಕೆ ಬಿದ್ದಂತೆ. ಮಡಿಕೆಗಳು ಹೆಚ್ಚಿದಂತೆ ಯಾವ ಆಕಾರಕ್ಕೂ ಹತ್ತಿರವಾಗಬಹುದು.

ಹೂವಿನ ಹಡಗಲಿಯ ಕೊಂಡಿ

ಈ ತರಗತಿಯಲ್ಲಿ ಒಂದು ಘಟ್ಟ ಬರುತ್ತದೆ. ಸಮೀಕರಣಗಳು ಹೆಚ್ಚು, ಅಜ್ಞಾತಗಳು ಕಡಿಮೆ. ಎಲ್ಲವನ್ನೂ ತೃಪ್ತಿಪಡಿಸುವ ಉತ್ತರವಿಲ್ಲ. ಆಗ ಮಾತೃಕೆಗೆ ವಿಲೋಮದ ಬದಲು ವಿಲೋಮದಂಥದ್ದು ಬೇಕಾಗುತ್ತದೆ. ಈ ವಿಷಯವನ್ನು ವ್ಯವಸ್ಥಿತವಾಗಿ ಬೆಳೆಸಿದವರಲ್ಲಿ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಪ್ರಮುಖರು. 1971ರಲ್ಲಿ ಸುಜಿತ್ ಕುಮಾರ್ ಮಿತ್ರ ಅವರೊಡನೆ ಅವರು ಬರೆದ ಗ್ರಂಥ ಇದರ ಮೇಲೆಯೇ. ರಾವ್ ಹುಟ್ಟಿದ್ದು 1920ರಲ್ಲಿ, ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ. ಅಮೆರಿಕದ ತರಗತಿಯ ತಳಪಾಯದಲ್ಲಿ ನಮ್ಮ ಹಡಗಲಿಯಲ್ಲಿ ಹುಟ್ಟಿದವರು ಇಟ್ಟ ಕಲ್ಲೂ ಇದೆ ಎಂದು ನೆನೆದಾಗ ಮನಸ್ಸು ತುಂಬುತ್ತದೆ.

ಇಂದು ಪಿಯುಸಿ ಮುಗಿಸಿದ ಮಕ್ಕಳು ಕೃತಕ ಬುದ್ಧಿಮತ್ತೆಯ ಸೀಟಿಗೆ ಮುಗಿಬೀಳುತ್ತಿದ್ದಾರೆ. ಸಿದ್ಧ ಪ್ರೋಗ್ರಾಮು ತಂದು ಓಡಿಸುವುದು ಒಂದು ವಾರದ ಕೆಲಸ. ಅದು ಕೆಟ್ಟಾಗ ಏಕೆ ಕೆಟ್ಟಿತು ಎಂದು ಕಾಣಲು ತಳದ ಗಣಿತ ಬೇಕು. ಅದಕ್ಕೆ ಬೇಕಾದ ಸಾಮಗ್ರಿ ದ್ವಿತೀಯ ಪಿಯುಸಿಯ ಪುಸ್ತಕದಲ್ಲೇ ಇದೆ: ಮಾತೃಕೆ, ಸದಿಶ, ಅವಕಲನ, ಸಂಭವನೀಯತೆ. ಇವು ನಾಲ್ಕು ಬೇರೆ ಬೇರೆ ಅಧ್ಯಾಯಗಳಲ್ಲ, ಒಂದೇ ಮನೆಯ ನಾಲ್ಕು ಗೋಡೆಗಳು ಎಂದು ತೋರಿಸುವುದೇ 18.065ರ ಹೆಚ್ಚುಗಾರಿಕೆ. ಮೊದಲು 18.06 ನೋಡಿ, ಆಮೇಲೆ ಇದಕ್ಕೆ ಬರುವುದು ಒಳ್ಳೆಯದು. ನೋಟ್‌ಬುಕ್ ಇಲ್ಲದೆ ಮಾತ್ರ ನೋಡಬೇಡಿ.

ಸ್ಟ್ರ್ಯಾಂಗ್ 2023ರ ಮೇ ತಿಂಗಳಲ್ಲಿ, 88ನೆಯ ವಯಸ್ಸಿನಲ್ಲಿ, ತಮ್ಮ ಕೊನೆಯ ಪಾಠ ಮಾಡಿದರು. ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವರ ಪಾಠಗಳು ಈಗಲೂ ಯಾರು ಬೇಕಾದರೂ ನೋಡಬಹುದಾದಂತೆ ಹಾಗೆಯೇ ಇವೆ.

ಶುರು ಮಾಡಲು ಕಂಪ್ಯೂಟರ್ ಕೂಡ ಬೇಡ. ಮಗ್ಗಿಯ ಚೌಕವನ್ನು ಮತ್ತೊಮ್ಮೆ ಬರೆಯಿರಿ. ಏಳೆಂಟ್ಲ ಐವತ್ತಾರು ಎಂಬಲ್ಲಿ ಬೇಕೆಂದೇ ಐವತ್ತನಾಲ್ಕು ಎಂದು ಬರೆಯಿರಿ, ಆ ಒಂದೇ ಕಡೆ. ನೂರರಲ್ಲಿ ಒಂದು ಅಂಕಿ ತಪ್ಪಿತು, ರ‍್ಯಾಂಕ್ ಒಂದರಿಂದ ಎರಡಾಯಿತು. ಮಾತೃಕೆಗೆ ಈ ತಪ್ಪು ಹೇಗೆ ತಿಳಿಯಿತು ಎಂದು ಕಂಬಸಾಲುಗಳನ್ನು ಒಂದಕ್ಕೊಂದು ಹೋಲಿಸಿ ನೀವೇ ಕಂಡುಕೊಂಡರೆ, ಮೊದಲ ಪಾಠ ನಿಮ್ಮದಾಯಿತು.