ಕೋಳಿಯ ಹೊಟ್ಟೆ ಚೆನ್ನಾಗಿರಲಿ

ಅಕ್ಕಂದಿರೇ, ಹಿತ್ತಲಲ್ಲಿ ನಾವು ನಾಲ್ಕು ಕೋಳಿ ಸಾಕುತ್ತೇವೆ. ಮಕ್ಕಳಿಗೆ ಮೊಟ್ಟೆ ಆಗುತ್ತೆ. ಕೈಗೆ ನಾಲ್ಕು ಕಾಸೂ ಸಿಗುತ್ತೆ. ಕೋಳಿ ಬೆಳೆಯಬೇಕಾದರೆ ತಿಂದದ್ದು ಅರಗಬೇಕು.

ಕೋಳಿಯ ಕರುಳಿನಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಇವೆ. ಒಳ್ಳೆಯ ಜೀವಾಣುಗಳು ಆಹಾರ ಅರಗಲು ನೆರವಾಗುತ್ತವೆ. ಕೆಟ್ಟವು ಹೆಚ್ಚಾದರೆ ಕೋಳಿಗೆ ಭೇದಿ ಆಗುತ್ತೆ. ಕೋಳಿ ಸೊರಗುತ್ತೆ.

ಇಂಥ ರೋಗಾಣು ಕೊಲ್ಲುವ ಔಷಧಿಗೆ ಆಂಟಿಬಯೋಟಿಕ್ ಅಂತಾರೆ. ಕೋಳಿ ಬೇಗ ಬೆಳೆಯಲಿ ಎಂದು ಫಾರಂಗಳಲ್ಲಿ ಇದನ್ನು ದಿನಾ ಆಹಾರಕ್ಕೆ ಬೆರೆಸುವ ರೂಢಿ ಬಂತು. ರೋಗ ಇಲ್ಲ, ಆದರೂ ಔಷಧಿ!

ಇದರಿಂದ ಏನಾಗುತ್ತೆ? ದಿನಾ ಸ್ವಲ್ಪ ಸ್ವಲ್ಪ ಔಷಧಿ ಬಿದ್ದರೆ ಬಲ ಇಲ್ಲದ ರೋಗಾಣು ಸಾಯುತ್ತವೆ. ಗಟ್ಟಿ ರೋಗಾಣು ಉಳಿದು ಹೆಚ್ಚುತ್ತವೆ. ಹಿಕ್ಕೆ, ನೀರು, ಹಸಿ ಮಾಂಸದಿಂದ ಅವು ನಮ್ಮ ಮನೆಗೂ ಬರಬಹುದು. ಆಗ ನಮ್ಮ ಮಗುವಿಗೆ ಕಾಯಿಲೆ ಬಂದರೆ ಡಾಕ್ಟರು ಕೊಟ್ಟ ಔಷಧಿ ನಾಟದೆ ಹೋಗಬಹುದು.

ಅದಕ್ಕೇ ಸ್ವೀಡನ್ ದೇಶ 1986ರಲ್ಲಿ ಈ ರೂಢಿ ನಿಲ್ಲಿಸಿತು. 2006ರಲ್ಲಿ ಯುರೋಪ್ ಒಕ್ಕೂಟದ ದೇಶಗಳೆಲ್ಲ ನಿಲ್ಲಿಸಿದವು. ಕೊಲಿಸ್ಟಿನ್ ಎಂಬ ಔಷಧಿ ಇದೆ. ಬೇರೆ ಔಷಧಿ ನಾಟದಾಗ ರೋಗಿಗೆ ಕೊನೆಗೆ ಕೊಡುವಂಥದು ಅದು. ಅದನ್ನು ಕೋಳಿಗೆ ಕೊಡಬಾರದು ಎಂದು ನಮ್ಮ ಸರ್ಕಾರ 2019ರಲ್ಲಿ ಆದೇಶ ಮಾಡಿತು.

ಹಾಗಾದರೆ ಏನು ಮಾಡೋಣ? ಈಗ ಫಾರಂಗಳಿಗೆ ಒಳ್ಳೆಯ ಜೀವಾಣುಗಳ ಪುಡಿ ಸಿಗುತ್ತೆ. ಅದನ್ನು ಆಹಾರಕ್ಕೆ ಬೆರೆಸುತ್ತಾರೆ. ಬೆಳ್ಳುಳ್ಳಿ, ಅರಿಶಿನದ ಪುಡಿಯನ್ನೂ ಬೆರೆಸುವುದುಂಟು. ನಾವು ಮನೆಯಲ್ಲಿ ಹೀಗೆ ಮಾಡಬಹುದು:

1. ಮಜ್ಜಿಗೆಯಲ್ಲೂ ಒಳ್ಳೆಯ ಜೀವಾಣು ಇವೆ. ನೀರು ಮಜ್ಜಿಗೆಯನ್ನು ಆಗಾಗ ಸ್ವಲ್ಪ ಇಡೋಣ. ಮಣ್ಣಿನ ಪಾತ್ರೆಯಲ್ಲಿ ಇಡೋಣ, ತಗಡಿನದರಲ್ಲಿ ಬೇಡ. ಉಳಿದದ್ದನ್ನು ಸಂಜೆ ಚೆಲ್ಲೋಣ.

2. ಕುಡಿಯುವ ನೀರು ದಿನಾ ಬದಲಾಯಿಸೋಣ. ಪಾತ್ರೆ ತೊಳೆಯೋಣ.

3. ಬೂಸ್ಟು ಹಿಡಿದ ಜೋಳ, ಹಿಂಡಿ ಹಾಕೋದು ಬೇಡ. ಬೂಸ್ಟಿನಲ್ಲಿ ವಿಷ ಇರುತ್ತೆ.

4. ಗೂಡು ಒಣಗಿರಲಿ. ಗೂಡು ಗುಡಿಸಿದ ಮೇಲೆ, ಮಾಂಸ ತೊಳೆದ ಮೇಲೆ ಕೈಯನ್ನು ಸೋಪಿನಿಂದ ತೊಳೆಯೋಣ.

ಒಂದು ಮಾತು ನೆನಪಿರಲಿ. ಮಜ್ಜಿಗೆ, ಅರಿಶಿನ ರೋಗಕ್ಕೆ ಮದ್ದಲ್ಲ. ಕೋಳಿ ತೂಕಡಿಸಿದರೆ, ಹಿಕ್ಕೆಯಲ್ಲಿ ರಕ್ತ ಕಂಡರೆ ಪಶು ಡಾಕ್ಟರಿಗೆ ತೋರಿಸೋಣ. ಅವರು ಔಷಧಿ ಬರೆದರೆ ಹೇಳಿದಷ್ಟು ದಿನ ಪೂರ್ತಿ ಕೊಡೋಣ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಕೇಳೋಣ. ಕೊಕ್ಕರೆ ರೋಗಕ್ಕೆ ಆಂಟಿಬಯೋಟಿಕ್ ನಾಟೋದೇ ಇಲ್ಲ. ಅದಕ್ಕೆ ಮೊದಲೇ ಲಸಿಕೆ ಹಾಕಿಸಬೇಕು.

ಅಂಗಡಿಯಿಂದ ಕೋಳಿ ಆಹಾರದ ಚೀಲ ತಂದರೆ ಅದರ ಮೇಲಿನ ಚೀಟಿ ಓದೋಣ. ಈಗ ನಮಗೆ ಓದಲು ಬರುತ್ತೆ. ಇಂಗ್ಲಿಷಿನಲ್ಲಿದ್ದರೆ, "ಇದರಲ್ಲಿ ಆಂಟಿಬಯೋಟಿಕ್ ಇದೆಯಾ?" ಎಂದು ಅಂಗಡಿಯವರನ್ನು ಕೇಳೋಣ.